ಅಳೆಯದ ಬೆಳಕಿಗೆ ಬೆಲೆ ಕಟ್ಟಬಾರದು
ಹವ್ಯಾಸಕ್ಕಾಗಿ ಅಧಿಕ ಶಕ್ತಿಯ ಲೇಸರ್ ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ಮದುವೆ, ಗೃಹಪ್ರವೇಶಗಳ ಕಾಲ ಬಂದಿತೆಂದರೆ ನಮ್ಮ ಕಡೆಯ ಪಾತ್ರೆ ಅಂಗಡಿಗಳಲ್ಲಿ ಒಂದು ಪರಿಚಿತ ಸದ್ದು ಕೇಳಿಬರುತ್ತದೆ. ಮುಯ್ಯಿಗೆಂದು ಕೊಂಡ ಸ್ಟೀಲ್ ಕೊಡ, ತಾಮ್ರದ ಚೊಂಬು, ಹಿತ್ತಾಳೆಯ ದೀಪಗಳ ಮೇಲೆ ಕೊಡುವವರ ಹೆಸರನ್ನು ವಿದ್ಯುತ್ ಪೆನ್ನಿನಿಂದ ಕೊರೆಯುವ ಸದ್ದು ಅದು. ಹೆಸರು ಹಾಕಿಸದ ಪಾತ್ರೆಯನ್ನು ಮುಯ್ಯಿಯಾಗಿ ಕೊಡಲು ಇಂದಿಗೂ ಅನೇಕರಿಗೆ ಮನಸ್ಸು ಬಾರದು. ಈ ಕೆಲಸಕ್ಕೆ ಕೆಲವು ವರ್ಷಗಳಿಂದ ಹೊಸದೊಂದು ಸಾಧನವು ಸ್ಪರ್ಧಿಯಾಗಿ ಬಂದಿದೆ. ಅದೇ ಮೇಜಿನ ಮೇಲೆ ಇರಿಸಬಹುದಾದ ಲೇಸರ್ ಕೆತ್ತನೆ ಯಂತ್ರ.

ಹಿಂದೆ ಲೇಸರ್ ಎಂದರೆ ಸಂಶೋಧನಾಲಯಗಳ ಮತ್ತು ದೊಡ್ಡ ಕಾರ್ಖಾನೆಗಳ ಸ್ವತ್ತು. ಇಂದು ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂತಹ ಊರಿನಲ್ಲಿ ಕುಳಿತ ಯುವಕನೂ ಮೊಬೈಲಿನಲ್ಲಿ ಬೇಡಿಕೆ ಸಲ್ಲಿಸಿ ಅದನ್ನು ಮನೆ ಬಾಗಿಲಿಗೆ ತರಿಸಿಕೊಳ್ಳಬಲ್ಲ. ಆದರೆ ಕೊಳ್ಳುವುದು ಸುಲಭವಾದಷ್ಟು, ಕೊಂಡದ್ದು ಏನೆಂದು ತಿಳಿಯುವುದು ಸುಲಭವಾಗಿಲ್ಲ. ಹೊಳಲು, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ವ್ಯಾಪಾರಸ್ಥರು ಮೆಕ್ಕೆಜೋಳವನ್ನು ತೂಕ ಮಾಡದೆ, ತೇವಾಂಶ ನೋಡದೆ ಖರೀದಿಸುವುದಿಲ್ಲ. ಅದೇ ವ್ಯಾಪಾರಸ್ಥರು ಲೇಸರ್ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನೇ ನಂಬಿ ಹಣ ತೆರುತ್ತಾರೆ. ಈ ಲೇಖನದ ಉದ್ದೇಶ ಇಷ್ಟೇ: ಬೆಳಕನ್ನೂ ಅಳೆಯಬಹುದು, ಅಳೆದೇ ಕೊಳ್ಳಬೇಕು, ಮತ್ತು ಅಳೆಯುವ ಮುನ್ನ ಕಣ್ಣನ್ನು ಕಾಯ್ದುಕೊಳ್ಳಬೇಕು ಎಂಬುದನ್ನು ತಿಳಿಸುವುದು.

ವಿಷಯದ ನಿರೂಪಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಹೊಳಲಿನ ಪಾತ್ರೆ ವ್ಯಾಪಾರಿಯೊಬ್ಬರ ಮಗನಿಗೆ ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ. ಆತ '40 ವ್ಯಾಟ್' ಎಂದು ನಮೂದಿಸಿದ ಲೇಸರ್ ಯಂತ್ರವೊಂದನ್ನು ತೆರಿಗೆ ಸೇರಿ 14,000 ರೂಪಾಯಿಗೆ ತರಿಸುತ್ತಾನೆ. ಮೊದಲು ಹವ್ಯಾಸ, ಮುಂದೆ ಅಂಗಡಿಗೆ ಬರುವ ಪಾತ್ರೆಗಳ ಮೇಲೆ ಹೆಸರು ಹಾಕುವ ಆಲೋಚನೆ. ಈ ಒಂದು ಖರೀದಿಯಲ್ಲಿ ಎಷ್ಟು ಪ್ರಶ್ನೆಗಳು ಅಡಗಿವೆ ಎಂಬುದನ್ನು ಒಂದೊಂದಾಗಿ ಪರಿಶೀಲಿಸಬಹುದು.

ಸಂಶೋಧನಾಲಯದಿಂದ ಅಂಗಡಿಯವರೆಗೆ

ಅಮೆರಿಕದ ಥಿಯೋಡೋರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಪ್ರಪಂಚದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ನಾಲ್ಕೇ ವರ್ಷಗಳಲ್ಲಿ, 1964ರಲ್ಲಿ, ಬೆಲ್ ಪ್ರಯೋಗಾಲಯದಲ್ಲಿದ್ದ ಸಿ. ಕುಮಾರ್ ಎನ್. ಪಟೇಲ್ ಅವರು ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರ್ ಪಡೆಯುವ ವಿಧಾನವನ್ನು ಕಂಡುಹಿಡಿದರು. ಇವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು. ಇಂದು ಅಕ್ರಿಲಿಕ್ ನಾಮಫಲಕ, ಮರದ ಹಲಗೆ, ಬಟ್ಟೆಗಳನ್ನು ಕತ್ತರಿಸುವ ಯಂತ್ರಗಳಲ್ಲಿ ಬಹುಪಾಲು ಇದೇ ಅನಿಲ ಲೇಸರ್ ಅನ್ನೇ ಬಳಸುತ್ತವೆ.

ಹವ್ಯಾಸಿಗಳ ಕೈಗೆ ಅಧಿಕ ಶಕ್ತಿಯ ಲೇಸರ್ ಬಂದ ಕಥೆ ಬೇರೆ. 1990ರ ದಶಕದ ನಡುವಿನಲ್ಲಿ ಜಪಾನಿನಲ್ಲಿ ನೀಲಿ ಲೇಸರ್ ಡಯೋಡ್ ಸಿದ್ಧವಾಯಿತು. 2010ರ ಸುಮಾರಿಗೆ ಅಂತಹ ಡಯೋಡ್‌ಗಳನ್ನು ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೊಜೆಕ್ಟರ್‌ಗಳಲ್ಲಿ ಅಳವಡಿಸಲಾಯಿತು. ಹವ್ಯಾಸಿಗಳು ಆ ಪ್ರೊಜೆಕ್ಟರ್‌ಗಳನ್ನು ಬಿಚ್ಚಿ ಡಯೋಡ್‌ಗಳನ್ನು ಹೊರತೆಗೆಯತೊಡಗಿದರು. ಅದೇ ವರ್ಷ ಒಂದು ವ್ಯಾಟ್‌ನಷ್ಟು ಶಕ್ತಿಯ, ಕೈಯಲ್ಲಿ ಹಿಡಿಯುವ ನೀಲಿ ಲೇಸರ್ ಕೂಡ ಮಾರಾಟಕ್ಕೆ ಬಂದಿತು. ಅಂದಿನಿಂದ ಡಯೋಡ್‌ಗಳ ಶಕ್ತಿ ಏರುತ್ತಾ, ಬೆಲೆ ಇಳಿಯುತ್ತಾ ಬಂದಿದೆ. ಸಂಶೋಧನಾಲಯದಲ್ಲಿ ಬೀಗ ಹಾಕಿದ ಕೋಣೆಯಲ್ಲಿ, ತರಬೇತಿ ಪಡೆದವರು ಮಾತ್ರ ಮುಟ್ಟುತ್ತಿದ್ದ ಶಕ್ತಿಯು ಯಾವ ತರಬೇತಿಯೂ ಇಲ್ಲದವರ ಮೇಜಿಗೆ ಬಂದದ್ದು ಹೀಗೆ.

ಯಾವ ವಸ್ತುವಿಗೆ ಯಾವ ಲೇಸರ್

ಮಾರುಕಟ್ಟೆಯಲ್ಲಿ ಸಣ್ಣ ಉದ್ಯಮಿಗಳಿಗೆ ದೊರೆಯುವ ಲೇಸರ್‌ಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಡಯೋಡ್ ಲೇಸರ್. ಮರ, ರಟ್ಟು, ಚರ್ಮ ಮತ್ತು ಬಣ್ಣ ಬಳಿದ ಲೋಹಗಳ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪಾರದರ್ಶಕ ಅಕ್ರಿಲಿಕ್‌ನ ಮೂಲಕ ಈ ಬೆಳಕು ಹಾಗೆಯೇ ಹಾದುಹೋಗುವುದರಿಂದ ಅದನ್ನು ಕತ್ತರಿಸಲಾರದು. ನಿಜವಾದ 10 ವ್ಯಾಟ್ ಬೆಳಕು ಇದ್ದಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಕಪ್ಪಾದ ಗುರುತನ್ನು ಮೂಡಿಸಬಹುದು. ಆದರೆ ಆಳವಾದ ಕೆತ್ತನೆಯನ್ನು ನಿರೀಕ್ಷಿಸಲಾಗದು.

ಎರಡನೆಯದು 10.6 ಮೈಕ್ರೋಮೀಟರ್ ತರಂಗಾಂತರದ ಅನಿಲ ಲೇಸರ್. ಅಕ್ರಿಲಿಕ್, ಮರ, ಬಟ್ಟೆ, ರಬ್ಬರ್ ಮೊಹರುಗಳಿಗೆ ಇದು ಸೂಕ್ತ. ಜೀನ್ಸ್ ಬಟ್ಟೆಯ ಮೇಲೆ ಮಾಸಿದಂತಹ ವಿನ್ಯಾಸವನ್ನು ರಾಸಾಯನಿಕ ಸಿಂಪಡಣೆಯಿಲ್ಲದೆ ಮೂಡಿಸಲು ಪ್ರಪಂಚದಾದ್ಯಂತ ಬಳಸುವುದು ಇದನ್ನೇ. ಬಳ್ಳಾರಿಯ ಜೀನ್ಸ್ ತಯಾರಕರಿಗೆ ಆಸಕ್ತಿ ಹುಟ್ಟಿಸಬೇಕಾದ ಸಂಗತಿಯಿದು. ಆದರೆ ಹೊಳಪಿನ ಲೋಹದ ಮೇಲೆ, ವಿಶೇಷ ಲೇಪನವಿಲ್ಲದೆ, ಇದು ಕೆಲಸಕ್ಕೆ ಬಾರದು.

ಮೂರನೆಯದು 1,064 ನ್ಯಾನೋಮೀಟರ್ ತರಂಗಾಂತರದ ಫೈಬರ್ ಲೇಸರ್. ಸ್ಟೀಲ್, ಹಿತ್ತಾಳೆ, ತಾಮ್ರ, ಚಿನ್ನಗಳ ಮೇಲೆ ಸೂಕ್ಷ್ಮವಾಗಿ ಬರೆಯಲು ಇದೇ ಬೇಕು. ಚಿನ್ನಾಭರಣಗಳ ಮೇಲೆ 2021ರ ಜುಲೈನಿಂದ ಹಾಕಲಾಗುತ್ತಿರುವ ಆರು ಅಕ್ಷರಾಂಕಿಗಳ ಹಾಲ್‌ಮಾರ್ಕ್ ಗುರುತಿನ ಸಂಖ್ಯೆಯು ಲೇಸರ್‌ನ ಬರಹವೆಂಬುದು ಆಭರಣ ವ್ಯಾಪಾರಿಗಳಿಗೆ ತಿಳಿದೇ ಇದೆ.

ಇದರಿಂದ ಹೊರಡುವ ಮೊದಲ ಪಾಠ ಸ್ಪಷ್ಟವಾಗಿದೆ. ಪಾತ್ರೆ ವ್ಯಾಪಾರಿಯ ಮಗ ತರಿಸಿದ್ದು ನೀಲಿ ಡಯೋಡ್ ಯಂತ್ರ. ಆತನ ಅಂಗಡಿಯಲ್ಲಿರುವುದು ಸ್ಟೀಲ್, ತಾಮ್ರ ಮತ್ತು ಹಿತ್ತಾಳೆ. ಯಂತ್ರವು ಹೇಳಿದಷ್ಟೇ ಶಕ್ತಿ ಕೊಟ್ಟರೂ ತಾಮ್ರದ ಚೊಂಬಿನ ಮೇಲೆ ಹೆಸರು ಕೆತ್ತಲು ಅದು ತಕ್ಕ ಸಾಧನವಲ್ಲ. ಯಂತ್ರವನ್ನು ಆರಿಸುವ ಮೊದಲು ವಸ್ತುವನ್ನು ನಿಶ್ಚಯಿಸಿಕೊಳ್ಳಬೇಕು. ಸಾಧ್ಯವಾದಲ್ಲಿ ತನ್ನದೇ ವಸ್ತುವಿನ ನಾಲ್ಕು ತುಣುಕುಗಳನ್ನು ಮಾರಾಟಗಾರನಿಗೆ ಕಳುಹಿಸಿ ಅದರ ಮೇಲೆ ಕೆಲಸ ಮಾಡಿಸಿ ನೋಡಬೇಕು.

ಪೆಟ್ಟಿಗೆಯ ಮೇಲಿನ 40 ವ್ಯಾಟ್

ಎರಡನೆಯ ಪ್ರಶ್ನೆ ಶಕ್ತಿಯದು. ಅನೇಕ ಅಗ್ಗದ ಯಂತ್ರಗಳ ಮೇಲೆ ನಮೂದಿಸುವ ವ್ಯಾಟ್, ಯಂತ್ರವು ಹೀರುವ ವಿದ್ಯುತ್ತಿನದೇ ಹೊರತು ಹೊರಬರುವ ಬೆಳಕಿನದಲ್ಲ. ನೀಲಿ ಡಯೋಡ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗವನ್ನು ಮಾತ್ರ ಬೆಳಕಾಗಿ ಪರಿವರ್ತಿಸುತ್ತದೆ; ಉಳಿದದ್ದು ಶಾಖವಾಗಿ ವ್ಯಯವಾಗುತ್ತದೆ. ಒಂದು ಡಯೋಡ್‌ನಿಂದ ದೊರೆಯುವ ಬೆಳಕು ಸಾಮಾನ್ಯವಾಗಿ 5ರಿಂದ 6 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದಲ್ಲಿ ಎರಡು, ನಾಲ್ಕು ಅಥವಾ ಅದಕ್ಕೂ ಹೆಚ್ಚಿನ ಡಯೋಡ್‌ಗಳ ಕಿರಣಗಳನ್ನು ಒಂದುಗೂಡಿಸಬೇಕಾಗುತ್ತದೆ, ಮತ್ತು ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಇದನ್ನು ಪರೀಕ್ಷಿಸಲು ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ; ಯಂತ್ರದೊಂದಿಗೆ ಬಂದ ಅಡಾಪ್ಟರ್‌ನ ಮೇಲಿನ ಬರಹವನ್ನು ಓದಿದರೆ ಸಾಕು. '12 ವೋಲ್ಟ್, 5 ಆಂಪಿಯರ್' ಎಂದಿದ್ದರೆ ಅದು ಕೊಡಬಲ್ಲ ಗರಿಷ್ಠ ವಿದ್ಯುತ್ 60 ವ್ಯಾಟ್. ಮೋಟಾರು, ಫ್ಯಾನು, ನಿಯಂತ್ರಣ ಫಲಕಗಳಿಗೆ 15 ವ್ಯಾಟ್ ಕಳೆದರೆ ಉಳಿಯುವುದು 45. ಅದರ ಮೂರನೇ ಒಂದು ಭಾಗ 15. ಹೀಗಿರುವಾಗ ಅದೇ ಯಂತ್ರದಿಂದ 40 ವ್ಯಾಟ್ ಬೆಳಕು ಬರುವುದು ಅಸಾಧ್ಯ. ಆಯದಲ್ಲಿ ಇಲ್ಲದ್ದು ವ್ಯಯದಲ್ಲಿ ಇರಲಾರದು ಎಂಬ ಸಾಮಾನ್ಯ ಲೆಕ್ಕವೇ ಇಲ್ಲಿಯೂ ಅನ್ವಯಿಸುತ್ತದೆ.

ಆದ್ದರಿಂದ ಬೇಡಿಕೆ ಸಲ್ಲಿಸುವ ಮುನ್ನ ಮಾರಾಟಗಾರನಿಗೆ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು: ಹೊರಬರುವ ಬೆಳಕಿನ ಶಕ್ತಿ ಎಷ್ಟು ವ್ಯಾಟ್? ತರಂಗಾಂತರ ಎಷ್ಟು? ಲೇಸರ್‌ನ ಸುರಕ್ಷತಾ ವರ್ಗ ಯಾವುದು? ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಉತ್ತರ ಕೊಡಲು ಹಿಂಜರಿಯುವ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು.

ಒಂದು ಡಿಗ್ರಿಗೆ ಒಂದೂವರೆ ವ್ಯಾಟ್

ಬೆಳಕಿನ ಶಕ್ತಿಯನ್ನು ನಿಖರವಾಗಿ ಅಳೆಯಲು ಲೇಸರ್ ಪವರ್ ಮೀಟರ್ ಎಂಬ ಉಪಕರಣವಿದೆ. ಬೆಳಕು ಅದರ ಕಪ್ಪು ತಟ್ಟೆಯ ಮೇಲೆ ಬಿದ್ದಾಗ ಉಂಟಾಗುವ ಶಾಖವನ್ನು ಅದು ವ್ಯಾಟ್‌ಗಳಲ್ಲಿ ತೋರಿಸುತ್ತದೆ. ಹಲವು ಯಂತ್ರಗಳನ್ನು ಕೊಳ್ಳುವವರು ಇದನ್ನು ಹೊಂದಿರುವುದು ಉಚಿತ. ಒಂದೇ ಯಂತ್ರ ಕೊಳ್ಳುವ ಹವ್ಯಾಸಿಯು ಅದೇ ತತ್ತ್ವವನ್ನು ಕಡಿಮೆ ಖರ್ಚಿನಲ್ಲಿ ಅನುಸರಿಸಬಹುದು.

ಸರಿಯಾಗಿ 100 ಗ್ರಾಂ ತೂಗುವ ಅಲ್ಯೂಮಿನಿಯಂ ತುಂಡೊಂದನ್ನು ತೆಗೆದುಕೊಂಡು, ಅದಕ್ಕೆ ಶಾಖ ತಡೆಯುವ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಪಕ್ಕದಲ್ಲಿ ಸಣ್ಣ ರಂಧ್ರ ಕೊರೆದು ಡಿಜಿಟಲ್ ಉಷ್ಣಮಾಪಕದ ಕಡ್ಡಿಯನ್ನು ಇಡಬೇಕು. ಕಿರಣವು ಒಂದು ಬಿಂದುವಿನಲ್ಲಿ ಕೇಂದ್ರೀಕರಿಸದೆ ಅಗಲವಾಗಿ ಬೀಳುವಂತೆ ತುಂಡನ್ನು ದೂರದಲ್ಲಿ ಇರಿಸಿ, ಬೆಳಕು ಹೊರಬಾರದಂತೆ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಪೂರ್ಣ ಶಕ್ತಿಯಲ್ಲಿ 60 ಸೆಕೆಂಡು ಲೇಸರ್ ಹಾಯಿಸಬೇಕು. ಬಳಿಕ ಯಂತ್ರವನ್ನು ಆರಿಸಿ ಉಷ್ಣತೆ ಎಷ್ಟು ಏರಿತೆಂದು ನೋಡಬೇಕು.

ಅಲ್ಯೂಮಿನಿಯಂನ ಒಂದು ಗ್ರಾಂ ಅನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.9 ಜೂಲ್ ಬೇಕು; 100 ಗ್ರಾಂಗೆ 90 ಜೂಲ್. ಅದನ್ನು 60 ಸೆಕೆಂಡುಗಳಿಂದ ಭಾಗಿಸಿದರೆ ಒಂದೂವರೆ ವ್ಯಾಟ್. ಅಂದರೆ ಏರಿದ ಪ್ರತಿಯೊಂದು ಡಿಗ್ರಿಯೂ ಒಂದೂವರೆ ವ್ಯಾಟ್ ಬೆಳಕಿಗೆ ಸಮ. ನಿಜವಾದ 40 ವ್ಯಾಟ್ ಇದ್ದಲ್ಲಿ ಉಷ್ಣತೆ ಸುಮಾರು 27 ಡಿಗ್ರಿ ಏರಬೇಕು. ನಮ್ಮ ಉದಾಹರಣೆಯ ಹವ್ಯಾಸಿಗೆ ಏರಿಕೆ ಮೂರೂವರೆ ಡಿಗ್ರಿ ಮಾತ್ರ ಕಂಡಿತೆಂದರೆ, ಆತನ ಕೈಗೆ ಬಂದದ್ದು 5.25 ವ್ಯಾಟ್. ಸ್ವಲ್ಪ ಬೆಳಕು ಪ್ರತಿಫಲಿಸಿಯೂ ಸ್ವಲ್ಪ ಶಾಖ ಗಾಳಿಗೆ ಸೇರಿಯೂ ಪೋಲಾಗುವುದರಿಂದ ಅಳತೆಯು ತುಸು ಕಡಿಮೆ ಬರುವುದು ಸಹಜ. ಹತ್ತರ ಜಾಗದಲ್ಲಿ ಒಂಬತ್ತು ಬಂದರೆ ತಕರಾರಿಗೆ ಎಡೆಯಿಲ್ಲ. ನಲವತ್ತರ ಜಾಗದಲ್ಲಿ ಐದು ಬಂದರೆ ಅದು ಅಳತೆಯ ದೋಷವಲ್ಲ, ಮಾರಾಟದ ದೋಷ.

ಈ ವಿಧಾನವು ನೀಲಿ ಡಯೋಡ್ ಮತ್ತು ಅನಿಲ ಲೇಸರ್‌ಗಳಿಗೆ ಮಾತ್ರ. ಫೈಬರ್ ಲೇಸರ್‌ನ ತೀಕ್ಷ್ಣವಾದ ಮಿಡಿತಗಳ ಅಳತೆಯನ್ನು ಮಾರಾಟಗಾರನ ಸ್ಥಳದಲ್ಲಿಯೇ, ಆತನ ಮೀಟರ್‌ನಿಂದ ಮಾಡಿಸಿಕೊಳ್ಳುವುದು ಕ್ಷೇಮಕರ.

ಹೀಗೆ ದೊರೆತ ಅಂಕಿಯಿಂದ ನಿಜವಾದ ಬೆಲೆಯನ್ನು ಲೆಕ್ಕ ಹಾಕಬಹುದು. 14,000 ರೂಪಾಯಿಗೆ 5.25 ವ್ಯಾಟ್ ಎಂದರೆ ಒಂದು ವ್ಯಾಟ್‌ಗೆ ಸುಮಾರು 2,667 ರೂಪಾಯಿ. 'ಬೆಳಕಿನ ಶಕ್ತಿ 10 ವ್ಯಾಟ್' ಎಂದು ಪ್ರಾಮಾಣಿಕವಾಗಿ ನಮೂದಿಸಿದ ಇನ್ನೊಂದು ಯಂತ್ರಕ್ಕೆ 22,000 ರೂಪಾಯಿ ಎಂದಿಟ್ಟುಕೊಂಡು, ಅಳತೆಯಲ್ಲಿ 9.6 ವ್ಯಾಟ್ ಬಂದರೆ ಒಂದು ವ್ಯಾಟ್‌ಗೆ ಸುಮಾರು 2,292 ರೂಪಾಯಿ. ಅಗ್ಗವೆಂದು ಕಂಡದ್ದೇ ದುಬಾರಿಯಾಯಿತು.

ಅಳತೆಯನ್ನು ಒಮ್ಮೆ ಮಾಡಿ ನಿಲ್ಲಿಸಬಾರದು. ಡಯೋಡ್ ಬಿಸಿಯಾದಂತೆ ಅದರ ಶಕ್ತಿ ಕುಗ್ಗುತ್ತದೆ. ಆದುದರಿಂದ ಆರಂಭದಲ್ಲಿ ಒಮ್ಮೆ, ಅರ್ಧ ಗಂಟೆ ಕೆಲಸದ ನಂತರ ಇನ್ನೊಮ್ಮೆ ಅಳೆಯಬೇಕು. ಅನಿಲ ಲೇಸರ್‌ನ ಗಾಜಿನ ಕೊಳವೆಗೆ ತಂಪು ನೀರಿನ ಹರಿವು ಅತ್ಯಗತ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬಕೆಟ್ ನೀರು ಮತ್ತು ಸಣ್ಣ ಪಂಪನ್ನು ನಂಬಿ ಕೂರುವಂತಿಲ್ಲ. ನೀರನ್ನು ತಂಪಾಗಿಡುವ ಚಿಲ್ಲರ್‌ನ ಬೆಲೆಯನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಕೊಳವೆಯು ಬಳಸದೆ ಇಟ್ಟರೂ ಕ್ರಮೇಣ ಸತ್ವ ಕಳೆದುಕೊಳ್ಳುವುದರಿಂದ ಅದರ ತಯಾರಿಕೆಯ ದಿನಾಂಕವನ್ನು ನೋಡಿಯೇ ಸ್ವೀಕರಿಸಬೇಕು.

ಕಣ್ಣಿಗೆ ಪರ್ಯಾಯ ಬಿಡಿಭಾಗವಿಲ್ಲ

ಅಂತರರಾಷ್ಟ್ರೀಯ ಮಾನದಂಡವು ಲೇಸರ್‌ಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ವರ್ಗೀಕರಿಸಿದೆ. ಭಾರತೀಯ ಮಾನಕ ಸಂಸ್ಥೆಯೂ ಐಎಸ್ 14624ರ ಮೂಲಕ ಅದನ್ನು ಅಂಗೀಕರಿಸಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ಮಿಲಿವ್ಯಾಟ್‌ವರೆಗೆ ಎರಡನೇ ವರ್ಗ. ಕಣ್ಣು ತಾನಾಗಿಯೇ ರೆಪ್ಪೆ ಮುಚ್ಚುವ ಕಾಲು ಸೆಕೆಂಡಿನಲ್ಲಿ ಹಾನಿಯಾಗದಷ್ಟು ಶಕ್ತಿ ಅದು. 500 ಮಿಲಿವ್ಯಾಟ್, ಅಂದರೆ ಅರ್ಧ ವ್ಯಾಟ್ ಮೀರಿದ ಎಲ್ಲವೂ ನಾಲ್ಕನೇ ವರ್ಗ. ಈ ವರ್ಗದ ಲೇಸರ್‌ನ ನೇರ ಕಿರಣವಷ್ಟೇ ಅಲ್ಲ, ಗೋಡೆಗೆ ಅಥವಾ ಪಾತ್ರೆಗೆ ತಗಲಿ ಚದುರಿದ ಬೆಳಕೂ ಸಮೀಪದಲ್ಲಿ ಅಪಾಯಕಾರಿ. ಹೊಳೆಯುವ ಸ್ಟೀಲ್ ತಟ್ಟೆಯೆಂದರೆ ಲೇಸರ್ ಪಾಲಿಗೆ ಕನ್ನಡಿಯೇ ಸರಿ. '40 ವ್ಯಾಟ್' ಎಂದು ಬಂದು 5 ವ್ಯಾಟ್ ಎಂದು ಸಾಬೀತಾದ ಯಂತ್ರವು ಹಣದ ದೃಷ್ಟಿಯಿಂದ ನಷ್ಟ. ಕಣ್ಣಿನ ದೃಷ್ಟಿಯಿಂದ ಅದು ಸುರಕ್ಷಿತ ಮಿತಿಗಿಂತ 5,000 ಪಟ್ಟು ಹೆಚ್ಚು.

ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಸುಟ್ಟ ಭಾಗವು ಮತ್ತೆ ಬೆಳೆಯುವುದೂ ಇಲ್ಲ. ಫೈಬರ್ ಲೇಸರ್‌ನ ಕಿರಣ ಕಣ್ಣಿಗೆ ಕಾಣದಿರುವುದರಿಂದ ರೆಪ್ಪೆ ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ. ದೃಷ್ಟಿಯ ನಡುವೆ ಕಪ್ಪು ಚುಕ್ಕೆ ಮೂಡಿದಾಗಲೇ ಅನಾಹುತದ ಅರಿವಾಗುವುದು. ಅಷ್ಟರಲ್ಲಿ ಹೊಳಲಿನಿಂದ ದಾವಣಗೆರೆಗೋ ಹುಬ್ಬಳ್ಳಿಗೋ ಧಾವಿಸಿದರೂ ವೈದ್ಯರು ಮಾಡಬಹುದಾದುದು ಅಲ್ಪವೇ.

ಮುದ್ರಿತ ಅಂಕಿಯನ್ನು ನಂಬುವುದು ಎಷ್ಟು ಅಪಾಯಕರ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯ ಪರೀಕ್ಷೆಯೊಂದು ನಿದರ್ಶನ. 2013ರಲ್ಲಿ ಅದು ಪ್ರಕಟಿಸಿದ ವರದಿಯಂತೆ, ಪರೀಕ್ಷಿಸಿದ 122 ಲೇಸರ್ ಪಾಯಿಂಟರ್‌ಗಳ ಪೈಕಿ ಹಸಿರು ಬಣ್ಣದವುಗಳಲ್ಲಿ ಸುಮಾರು ಶೇ. 90, ಕೆಂಪು ಬಣ್ಣದವುಗಳಲ್ಲಿ ಶೇ. 44 ನಿಯಮಕ್ಕೆ ಅನುಗುಣವಾಗಿರಲಿಲ್ಲ. ಕೆತ್ತನೆ ಯಂತ್ರಗಳಲ್ಲಿ ಅಂಕಿಯು ಇರುವುದಕ್ಕಿಂತ ಹೆಚ್ಚು; ಜೇಬಿನ ಪಾಯಿಂಟರ್‌ಗಳಲ್ಲಿ ಇರುವುದಕ್ಕಿಂತ ಕಡಿಮೆ. ಎರಡರಲ್ಲಿಯೂ ಮೋಸ ಹೋಗುವವನು ಅಳೆಯದವನೇ. ಜಾತ್ರೆಗಳಲ್ಲಿ ಮಕ್ಕಳಿಗೆ ಆಟಿಕೆಯೆಂದು ಲೇಸರ್ ಮಾರುವ ವ್ಯಾಪಾರಿಗಳೂ ಇದನ್ನು ಗಮನಿಸಬೇಕು.

ರಕ್ಷಣಾ ಕನ್ನಡಕದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಯಂತ್ರದೊಡನೆ ಉಚಿತವಾಗಿ ಬರುವ ಬಣ್ಣದ ಪ್ಲಾಸ್ಟಿಕ್ ಕನ್ನಡಕವನ್ನು ನಂಬಬಾರದು. ಯಾವ ತರಂಗಾಂತರಕ್ಕೆ ಎಷ್ಟು ತಡೆ ಎಂಬುದನ್ನು ಕನ್ನಡಕದ ಮೇಲೆಯೇ ಮುದ್ರಿಸಿರಬೇಕು. ಈ ತಡೆಯನ್ನು 'ಓಡಿ' ಎಂಬ ಅಂಕಿಯಿಂದ ಸೂಚಿಸುತ್ತಾರೆ. ಓಡಿ 4 ಎಂದರೆ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು, ಓಡಿ 6 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಕಣ್ಣಿಗೆ ತಲುಪುತ್ತದೆ. 5 ವ್ಯಾಟ್‌ನ ನೀಲಿ ಲೇಸರ್‌ಗೆ ಓಡಿ 4 ಎಂಬುದು ಕನಿಷ್ಠ. 5 ಅಥವಾ 6 ಇದ್ದರೆ ನೆಮ್ಮದಿ. ನೀಲಿ ಬೆಳಕಿಗಾಗಿ ಮಾಡಿದ ಕನ್ನಡಕವು ಫೈಬರ್ ಲೇಸರ್‌ಗೆ ಕೆಲಸಕ್ಕೆ ಬಾರದು. ಕನ್ನಡಕ ಧರಿಸಿದರೂ ಕಿರಣದತ್ತ ನೋಡಿ ಪರೀಕ್ಷಿಸುವ ಸಾಹಸ ಸಲ್ಲದು. ಎಲ್ಲಕ್ಕಿಂತ ಉತ್ತಮವಾದುದೆಂದರೆ ಬಾಗಿಲು ತೆರೆದೊಡನೆ ಲೇಸರ್ ನಿಲ್ಲುವ, ಪೂರ್ಣ ಮುಚ್ಚಿದ ಯಂತ್ರವನ್ನೇ ಕೊಳ್ಳುವುದು. ತೆರೆದ ಚೌಕಟ್ಟಿನ ಯಂತ್ರವನ್ನು ಗಿರಾಕಿಗಳೂ ಮಕ್ಕಳೂ ಸುಳಿದಾಡುವ ಅಂಗಡಿಯಲ್ಲಿ ಇರಿಸಲೇಬಾರದು. ಕನ್ನಡಕವಿರುವುದು ಯಂತ್ರ ನಡೆಸುವವನಿಗೆ ಮಾತ್ರ. ಬಾಗಿಲಲ್ಲಿ ನಿಂತ ಗಿರಾಕಿಗಲ್ಲ.

ಹೊಗೆ, ಬೆಂಕಿ ಮತ್ತು ವಿದ್ಯುತ್

ಲೇಸರ್ ಮುಟ್ಟಿದಲ್ಲೆಲ್ಲ ಹೊಗೆ ಏಳುತ್ತದೆ. ಹೊಗೆಯನ್ನು ಹೊರಗೆ ಸಾಗಿಸುವ ಫ್ಯಾನು ಮತ್ತು ಕೊಳವೆ ಇಲ್ಲದೆ ಯಂತ್ರ ನಡೆಸಬಾರದು. ವಿಶೇಷವಾಗಿ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಡುತ್ತದೆ. ಅದು ಶ್ವಾಸಕೋಶವನ್ನೂ ಯಂತ್ರದ ಲೋಹದ ಭಾಗಗಳನ್ನೂ ಏಕಕಾಲಕ್ಕೆ ತಿನ್ನುತ್ತದೆ. ಚೀಲ, ಫೈಲುಗಳಿಗೆ ಬಳಸುವ ರೆಕ್ಸಿನ್‌ನಲ್ಲಿ ಬಹುಪಾಲು ಪಿವಿಸಿ ಲೇಪನವೇ ಇರುತ್ತದೆ. ಸಂದೇಹವಿದ್ದಲ್ಲಿ ತಾಮ್ರದ ತಂತಿಯನ್ನು ಕಾಯಿಸಿ, ಆ ವಸ್ತುವಿಗೆ ಮುಟ್ಟಿಸಿ, ಮತ್ತೆ ಜ್ವಾಲೆಯಲ್ಲಿ ಹಿಡಿಯಬೇಕು. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ ಎಂದರ್ಥ. ಅಂತಹ ವಸ್ತುವನ್ನು ಲೇಸರ್‌ಗೆ ಒಡ್ಡಬಾರದು.

ಯಂತ್ರ ಚಲಿಸುತ್ತಿರುವಾಗ ಅದನ್ನು ಬಿಟ್ಟು ಊಟಕ್ಕೆ ಎದ್ದುಹೋಗುವ ಅಭ್ಯಾಸವೇ ಬೆಂಕಿಗೆ ಆಹ್ವಾನ. ಅನಿಲ ಲೇಸರ್‌ನ ಕೊಳವೆಗೆ ಸಾವಿರಾರು ವೋಲ್ಟ್ ವಿದ್ಯುತ್ ಹರಿಯುವುದರಿಂದ ಸರಿಯಾದ ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದನ್ನು ನಡೆಸುವುದು ಪ್ರಾಣಾಪಾಯಕ್ಕೆ ಸಮಾನ. ಅಂಗಡಿಗೆ ಅಗ್ನಿ ವಿಮೆ ಇದ್ದಲ್ಲಿ, ಇಂತಹ ಯಂತ್ರವನ್ನು ಅಳವಡಿಸಿರುವ ವಿಷಯವನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಬೇಕು. ಅಪಾಯವನ್ನು ಹೆಚ್ಚಿಸುವ ಬದಲಾವಣೆಯನ್ನು ತಿಳಿಸದೆ ಇದ್ದಲ್ಲಿ ಪರಿಹಾರದ ಕಾಲಕ್ಕೆ ತಕರಾರು ಏಳುವ ಸಂಭವವಿದೆ.

ಬಿಲ್ಲು ಯಾರ ಹೆಸರಿಗೆ?

ಯಂತ್ರದ ಬಿಲ್ಲನ್ನು ಮಗನ ಹೆಸರಿನಲ್ಲಿ ಪಡೆಯಬೇಕೇ, ಅಂಗಡಿಯ ಹೆಸರಿನಲ್ಲಿಯೇ? ಚಿಕ್ಕದೆಂದು ಕಾಣುವ ಈ ಪ್ರಶ್ನೆಯ ಹಿಂದೆ ಎರಡು ಕಾನೂನುಗಳಿವೆ.

ಅಂಗಡಿಯು ಸರಕು ಮತ್ತು ಸೇವಾ ತೆರಿಗೆಯ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತವಾಗಿದ್ದು, ಯಂತ್ರವು ವ್ಯವಹಾರಕ್ಕೇ ಬಳಕೆಯಾಗುವುದಿದ್ದರೆ, ಅಂಗಡಿಯ ನೋಂದಣಿ ಸಂಖ್ಯೆ ನಮೂದಿಸಿದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆಯನ್ನು ಜಮೆ ಪಡೆಯಬಹುದು. ಶೇ. 18ರ ದರದಲ್ಲಿ 14,000 ರೂಪಾಯಿಯೊಳಗೆ ಅಡಗಿರುವ ತೆರಿಗೆ ಸುಮಾರು 2,136 ರೂಪಾಯಿ. ಈ ಜಮೆ ಪಡೆದಲ್ಲಿ ಅಷ್ಟು ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳುವಂತಿಲ್ಲ. ಯಂತ್ರ ಕೇವಲ ಹವ್ಯಾಸಕ್ಕೆ ಬಳಕೆಯಾದರೆ ಜಮೆಗೆ ಅವಕಾಶವೇ ಇಲ್ಲ.

ಇನ್ನೊಂದು ಮಗ್ಗುಲನ್ನು ಅನೇಕರು ಗಮನಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ವಾಣಿಜ್ಯ ಉದ್ದೇಶಕ್ಕೆ ವಸ್ತುವನ್ನು ಕೊಂಡವನು 'ಗ್ರಾಹಕ'ನಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡವನಿಗೆ ಮಾತ್ರ ವಿನಾಯಿತಿಯುಂಟು. ಆದರೆ ಅದನ್ನು ಆತನೇ ರುಜುವಾತುಪಡಿಸಬೇಕಾದೀತು. ಹಾಗಾಗಿ 2,136 ರೂಪಾಯಿಯ ಜಮೆಗಾಗಿ ಅಂಗಡಿಯ ಹೆಸರಿನಲ್ಲಿ ಬಿಲ್ಲು ಪಡೆದ ವ್ಯಾಪಾರಿಯು, 40ರ ಬದಲು 5 ವ್ಯಾಟ್ ಬಂದಾಗ ಗ್ರಾಹಕರ ಆಯೋಗದ ಬಾಗಿಲಲ್ಲಿ ಮೊದಲು ತಾನು ಗ್ರಾಹಕನೇ ಎಂಬ ವಾದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಸಣ್ಣ ಊರುಗಳ ಎಷ್ಟೋ ಅಂಗಡಿಗಳು ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿಯಲ್ಲಿರುತ್ತವೆ. ಅವುಗಳಿಗೆ ಹೂಡುವಳಿ ತೆರಿಗೆಯ ಜಮೆಯೇ ಇಲ್ಲ. ಆದಾಯ ತೆರಿಗೆಯನ್ನೂ ಅಂದಾಜು ಲಾಭದ ಪದ್ಧತಿಯಲ್ಲಿ ಕಟ್ಟುವವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವೂ ಇಲ್ಲ. ಅಂತಹವರು ಹವ್ಯಾಸದ ಯಂತ್ರಕ್ಕೆ ಅಂಗಡಿಯ ಹೆಸರಿನ ಬಿಲ್ಲು ಪಡೆದು ಗಳಿಸುವುದು ಏನೂ ಇಲ್ಲ. ಕಳೆದುಕೊಳ್ಳುವುದು ಮಾತ್ರ ಇದೆ. ಹವ್ಯಾಸಕ್ಕೆ ಕೊಂಡದ್ದನ್ನು ಹವ್ಯಾಸಿಯ ಹೆಸರಿನಲ್ಲಿಯೇ ಕೊಳ್ಳುವುದು ಸತ್ಯಕ್ಕೂ ಹತ್ತಿರ, ಹಿತಕ್ಕೂ ಹತ್ತಿರ.

ಮುಂದೆ ಹವ್ಯಾಸವು ವ್ಯಾಪಾರವಾಗಿ ಬೆಳೆದರೆ ಆ ದಿನದಿಂದಲೇ ಲೆಕ್ಕ ಆರಂಭಿಸಬೇಕು. ಗಿರಾಕಿಯೇ ತಂದ ಪಾತ್ರೆಯ ಮೇಲೆ ಹೆಸರು ಕೆತ್ತಿಕೊಡುವುದು ಕಾನೂನಿನ ಕಣ್ಣಿನಲ್ಲಿ ಸೇವೆ. ತನ್ನದೇ ಹಲಗೆಯಿಂದ ನಾಮಫಲಕ ಮಾಡಿ ಮಾರುವುದು ಸರಕಿನ ಮಾರಾಟ. ಕರ್ನಾಟಕದಲ್ಲಿ ಸೇವೆ ಒದಗಿಸುವವರಿಗೆ ವಾರ್ಷಿಕ ವಹಿವಾಟು 20 ಲಕ್ಷ, ಕೇವಲ ಸರಕು ಮಾರುವವರಿಗೆ 40 ಲಕ್ಷ ರೂಪಾಯಿ ದಾಟಿದಾಗ ನೋಂದಣಿ ಕಡ್ಡಾಯ. ಎರಡನ್ನೂ ಮಾಡುವವರು 20 ಲಕ್ಷದ ಮಿತಿಯನ್ನೇ ನೆನಪಿಡಬೇಕು. ಕಾಂಪೋಸಿಷನ್ ಅಂಗಡಿಗಳು ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದರವರೆಗೆ ಸೇವೆಯನ್ನೂ ಒದಗಿಸಬಹುದು. ಹೆಸರು ಕೆತ್ತಿದ ಕೂಲಿ ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತದೆ.

ದೂರು ಕೊಡಲು ದಾಖಲೆ ಬೇಕು

ಆನ್‌ಲೈನ್ ಖರೀದಿಯಲ್ಲಿ ಪೆಟ್ಟಿಗೆ ತೆರೆಯುವಾಗಲೇ ವಿಡಿಯೋ ಮಾಡಿಕೊಳ್ಳಬೇಕು. ಆಮದಾದ ವಸ್ತುವಿನ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ತಯಾರಾದ ದೇಶ ಮತ್ತು ಗರಿಷ್ಠ ಮಾರಾಟ ಬೆಲೆ ಇರಬೇಕೆಂಬುದು ಕಾನೂನು ಮಾಪನ ನಿಯಮ. ಇವು ಇಲ್ಲದ ಪೆಟ್ಟಿಗೆ ಬಂದರೆ ಅದೇ ಮೊದಲ ಎಚ್ಚರಿಕೆ. ಮಾರಾಟಗಾರನ ಲಿಖಿತ ಉತ್ತರ, ಅಡಾಪ್ಟರ್‌ನ ಛಾಯಾಚಿತ್ರ, ಉಷ್ಣಮಾಪಕದ ಅಳತೆಯ ವಿಡಿಯೋ, ಬಿಲ್ಲು: ಈ ನಾಲ್ಕೂ ಹಿಂತಿರುಗಿಸುವ ಅವಧಿ ಮುಗಿಯುವ ಮುನ್ನ ಸಿದ್ಧವಿರಬೇಕು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿಯು 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿಯೂ ಪರಿಹಾರ ದೊರೆಯದಿದ್ದರೆ, ಎರಡು ವರ್ಷಗಳೊಳಗೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಮಾರಾಟಗಾರನ ಊರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ವಿದೇಶದಿಂದ ನೇರವಾಗಿ ತರಿಸುವವರಿಗೆ ಈ ರಕ್ಷಣೆ ಬಹುತೇಕ ಕಾಗದದ ಮೇಲಷ್ಟೇ ಉಳಿಯುತ್ತದೆ. ಅಲ್ಲದೆ ಅಲ್ಲಿನ ಬೆಲೆಯೇ ಅಂತಿಮವಲ್ಲ. ಮೂಲ ಸುಂಕ, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆಲ್ಲವನ್ನೂ ಸೇರಿಸಿದ ಮೊತ್ತದ ಮೇಲೆ ಸಮಗ್ರ ತೆರಿಗೆ ಬೀಳುತ್ತದೆ. ಸಾಗಣೆ, ವಿಮೆ ಸೇರಿ 1,00,000 ರೂಪಾಯಿಯ ಯಂತ್ರಕ್ಕೆ ಮೂಲ ಸುಂಕ ಶೇ. 7.5 ಎಂದಿಟ್ಟುಕೊಂಡರೆ 7,500, ಮೇಲ್ತೆರಿಗೆ 750, ಒಟ್ಟು 1,08,250ರ ಮೇಲೆ ಶೇ. 18ರಂತೆ 19,485, ಕೈಸೇರುವ ಹೊತ್ತಿಗೆ ವೆಚ್ಚ 1,27,735 ರೂಪಾಯಿ. ಆಮದಿನ ದಿನದ ದರವನ್ನು ಸುಂಕದ ಪಟ್ಟಿಯಲ್ಲಿ ನೋಡಿಯೇ ಲೆಕ್ಕ ಹಾಕಬೇಕು.

ತಕ್ಕಡಿಯನ್ನು ಮುದ್ರೆ ಹಾಕಿಸಿ ಇಟ್ಟುಕೊಳ್ಳುವ ವ್ಯಾಪಾರಸ್ಥರಿಗೆ ಅಳತೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ತೂಗಿ ಮಾರುವವರು ತಾವು ಕೊಳ್ಳುವಾಗಲೂ ತೂಗಿಯೇ ಕೊಳ್ಳಬೇಕು. ನೂರು ಗ್ರಾಂ ಅಲ್ಯೂಮಿನಿಯಂ, ಒಂದು ಉಷ್ಣಮಾಪಕ, ಒಂದು ನಿಮಿಷದ ಕಾಲ: ಬೆಳಕಿನ ತಕ್ಕಡಿಗೆ ಬೇಕಾದದ್ದು ಇಷ್ಟೇ. ಹೋದ ಹಣವನ್ನು ದೂರು ಕೊಟ್ಟು ಮರಳಿ ಪಡೆಯಬಹುದು. ಹೋದ ಕಣ್ಣನ್ನು ಯಾವ ಆಯೋಗವೂ ಮರಳಿ ಕೊಡಿಸಲಾರದು. ಆದುದರಿಂದ ಯಂತ್ರದ ಬೆಲೆಯನ್ನು ಬರೆಯುವ ಮುನ್ನ ಉತ್ತಮ ಕನ್ನಡಕದ ಬೆಲೆಯನ್ನು ಬರೆದುಕೊಳ್ಳುವುದೇ ಈ ಹವ್ಯಾಸದ ಸರಿಯಾದ ಮೊದಲ ಜಮಾಖರ್ಚು.